ಪೈಪಿನ ಬಾಯಿಗೆ ಬೆಂಕಿಯಿಡುವ ನಾವು

ಅಡಿಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ನಮ್ಮ ಬೆಟ್ಟಗಳ ನೆತ್ತಿಯಲ್ಲಿ ಅಲ್ಲಲ್ಲಿ ಹೊಗೆಯೇಳುತ್ತದೆ. ಅದು ಕಾಡುಗಿಚ್ಚಲ್ಲ. ಅಬ್ಬಿಯ ನೀರನ್ನು ಮನೆಗೆ ತರುವ ಪಿವಿಸಿ ಪೈಪಿನ ಸಾಲನ್ನು ಬೇಸಿಗೆಗೆ ಮುನ್ನ ಸರಿಪಡಿಸುವ ಕಾರ್ಯ. ತರಗೆಲೆ ಗುಡ್ಡೆಹಾಕಿ ಬೆಂಕಿ ಹಚ್ಚಿ, ಪೈಪಿನ ತುದಿಯನ್ನು ಅದರಲ್ಲಿ ಹಿಡಿದು, ಮೆತ್ತಗಾದೊಡನೆ ಇನ್ನೊಂದು ಪೈಪಿನ ತುದಿಯನ್ನು ಒಳಗೆ ತುರುಕಿ ಮೇಲೆ ನೀರು ಸುರಿದರೆ ಜೋಡಣೆ ಮುಗಿಯಿತೆಂದು ನಮ್ಮ ನಂಬಿಕೆ. ಆಮೇಲೂ ಸೋರಿದರೆ ಸೈಕಲ್ ಟ್ಯೂಬಿನ ಪಟ್ಟಿ ಇದ್ದೇ ಇದೆ. ಫೆಬ್ರವರಿ-ಮಾರ್ಚ್ ತಿಂಗಳ ಒಣ ಕಾಡಿನೊಳಗೆ ಹೀಗೆ ಹಚ್ಚಿದ ಬೆಂಕಿ ಕೆಲವೊಮ್ಮೆ ನಿಜವಾದ ಕಾಡುಗಿಚ್ಚೂ ಆಗುತ್ತದೆ ಎಂಬುದನ್ನು ನಾವು ಯಾರೂ ಸಭೆಗಳಲ್ಲಿ ಹೇಳಿಕೊಳ್ಳುವುದಿಲ್ಲ.

ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ನಾನು ವಾದಿಸುತ್ತೇನೆ. ಮಣ್ಣು, ಅರಣ್ಯ, ನದಿ ಎಂದು ದೊಡ್ಡ ದೊಡ್ಡ ಸಂಗತಿಗಳನ್ನು ಚರ್ಚಿಸುವ ಪತ್ರಿಕೆಯಲ್ಲಿ ಪೈಪಿನ ಕೀಲಿನ ಪುರಾಣವೇಕೆ ಎಂದು ಗೆಳೆಯರು ಹುಬ್ಬೇರಿಸಬಹುದು. ಶರಾವತಿ, ಅಘನಾಶಿನಿ, ತುಂಗೆಯರ ತಲೆಹಳ್ಳಗಳ ನೀರು ಇಂದು ನಮ್ಮ ಮನೆಗಳನ್ನು ಮುಟ್ಟುತ್ತಿರುವುದು ಈ ಕೀಲುಗಳ ಮೂಲಕವೇ ಎಂಬುದು ನನ್ನ ಉತ್ತರ.

ಮೊದಲು ಬೆಂಕಿಯ ವಿಚಾರ. ಪಿವಿಸಿಯ ತೂಕದಲ್ಲಿ ಸುಮಾರು ಶೇ. 57ರಷ್ಟು ಕ್ಲೋರಿನ್. ಅದು ಮೆತ್ತಗಾಗುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ತರಗೆಲೆಯ ಜ್ವಾಲೆಯ ಶಾಖ ಅದರ ಹಲವು ಪಟ್ಟು. ಪೈಪು ಕಪ್ಪಾಗಿ ನೊರೆಯೆದ್ದಿತೆಂದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಟಿತೆಂದೇ ಅರ್ಥ. ನಮ್ಮ ಕಣ್ಣು, ಗಂಟಲುಗಳ ತೇವಕ್ಕೆ ತಾಗಿದಾಗ ಅದು ಆಮ್ಲವಾಗುತ್ತದೆ. ಉಳಿದ ತುಂಡುಗಳನ್ನು ಅದೇ ಬೆಂಕಿಗೆ ಎಸೆದಾಗ ಡಯಾಕ್ಸಿನ್‌ಗಳಂಥ ಘೋರ ವಿಷಗಳೂ ಹುಟ್ಟುತ್ತವೆ. ಇದಕ್ಕೆ ಸೀಸವನ್ನೂ ಸೇರಿಸಿಕೊಳ್ಳಿ. ಪೈಪು ತಯಾರಿಕೆಯಲ್ಲಿ ಸೀಸದ ಸಂಯುಕ್ತಗಳ ಬಳಕೆಯನ್ನು ನಿಯಂತ್ರಿಸುವ ನಿಯಮಗಳನ್ನು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ್ದು 2021ರಲ್ಲಿ. ನಮ್ಮ ಗುಡ್ಡಗಳಲ್ಲಿ ಮಲಗಿರುವ ಎಷ್ಟೋ ಸಾಲುಗಳು ಅದಕ್ಕಿಂತ ಹಳೆಯವು. ಇಂಥ ಹೊಗೆಯನ್ನು ನಾವು ನೀರಿನ ಕಣ್ಣಿನ ಪಕ್ಕದಲ್ಲಿಯೇ, ಪೈಪು ಹಿಡಿಯಲು ಬಂದ ಹುಡುಗರ ಮುಖದ ಮುಂದೆಯೇ ಎಬ್ಬಿಸುತ್ತೇವೆ.

ಇಷ್ಟು ಮಾಡಿ ದೊರೆಯುವುದಾದರೂ ಗಟ್ಟಿ ಕೀಲೇ? ಅದೂ ಅಲ್ಲ. ಬೆಂಕಿಯಲ್ಲಿ ಹಿಗ್ಗಿದ ಬಾಯಿ ಒಂದು ಕಡೆ ತೆಳು, ಇನ್ನೊಂದು ಕಡೆ ಸುಕ್ಕು. ಪೈಪಿನ ಮೇಲೆ ಮುದ್ರಿಸಿದ ಒತ್ತಡದ ಅಂಕಿ ಆ ತೆಳುವಾದ ಭಾಗಕ್ಕೆ ಅನ್ವಯಿಸುವುದಿಲ್ಲ. ಬೆಟ್ಟದ ನೀರಿಗೆ ಪ್ರತಿ 10 ಮೀಟರ್ ಇಳಿತಕ್ಕೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಕೂಡುತ್ತದೆ. ನನ್ನ ಮನೆ ಅಬ್ಬಿಗಿಂತ ಸುಮಾರು 45 ಮೀಟರ್ ಕೆಳಗಿದೆ. ಅಗ್ಗವೆಂದು 4 ಕಿಲೋ ಪೈಪು ತಂದು, ಎಲ್ಲರಂತೆ ಬೆಂಕಿಯಲ್ಲಿ ಜೋಡಿಸಿ, ಒಂದು ರಾತ್ರಿ ಕೆಳಗಿನ ವಾಲ್ವನ್ನು ಪೂರ್ತಿ ತಿರುಗಿಸಿ ಮಲಗಿದೆ. ಹರಿಯುವಾಗ ಸುಮ್ಮನಿದ್ದ ಸಾಲು, ನೀರು ನಿಂತೊಡನೆ ಪೂರ್ಣ ಒತ್ತಡವನ್ನು ಹೊತ್ತು ಮೂರು ಕಡೆ ಬಾಯಿಬಿಟ್ಟಿತು. ಅದೇ ಸಾಲಿನ ನೀರನ್ನು ನೆಚ್ಚಿದ್ದ ಪಕ್ಕದ ಮನೆಯ ಅಜ್ಜಿ ಎಂಟು ದಿನ ಹಳ್ಳದಿಂದ ಕೊಡ ಹೊತ್ತರು. "ನೀನು ಓದಿದ್ದು ಮಣ್ಣಿನ ಬಗ್ಗೆ ಕಣೋ, ನೀರಿನ ಬಗ್ಗೆ ಅಲ್ಲ ಬಿಡು" ಎಂದು ಅವರು ನನ್ನನ್ನು ಕ್ಷಮಿಸಿದರು. ಆ ಕ್ಷಮೆಯೇ ಈ ಲೇಖನಕ್ಕೆ ಮೂಲ.

ನಾವು 'ಸಲ್ಯೂಷನ್' ಎಂದು ಕರೆಯುವ ಡಬ್ಬಿಯ ದ್ರವ ಅಂಟಲ್ಲ. ಅದು ಪಿವಿಸಿಯ ಮೇಲ್ಮೈಯನ್ನೇ ಕರಗಿಸುತ್ತದೆ. ಕರಗಿದ ಎರಡು ಮೈಗಳು ಒಂದರೊಳಗೊಂದು ಬೆರೆತು, ದ್ರಾವಕ ಆರಿದ ಮೇಲೆ ಒಂದೇ ಮೈಯಾಗುತ್ತವೆ. ಆದುದರಿಂದ ಬೆಂಕಿಯಲ್ಲಿ ಹಿಗ್ಗಿಸಿದ ಸಡಿಲ ಬಾಯಿಗೆ ಎಷ್ಟು ಬಳಿದರೂ ವ್ಯರ್ಥ. ಮೈಗೆ ಮೈ ತಾಗದಿದ್ದರೆ ಬೆರೆಯುವುದೇನು? ಕಾರ್ಖಾನೆಯಲ್ಲಿ ಬಾಯಿ ಅಗಲಿಸಿದ ಪೈಪನ್ನಾಗಲಿ, ಅಳತೆಗೆ ತಕ್ಕ ಕಪ್ಲಿಂಗನ್ನಾಗಲಿ ಬಳಸಬೇಕು. ಗರಗಸದಲ್ಲಿ ನೇರವಾಗಿ ಕೊಯ್ದು, ಒಳಹೊರಗಿನ ಸಿಬಿರನ್ನು ಅರದಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಬೇಕು. ಮೊದಲು ಬರಿದೇ ಸೇರಿಸಿ ನೋಡಿದಾಗ ಪೈಪು ಅರ್ಧದಿಂದ ಮುಕ್ಕಾಲರ ನಡುವೆ ಎಲ್ಲೋ ಬಿಗಿಯಬೇಕು. ಸಲೀಸಾಗಿ ತಳ ಮುಟ್ಟಿದರೆ ಆ ಕಪ್ಲಿಂಗನ್ನು ಅಂಗಡಿಗೆ ಹಿಂದಿರುಗಿಸಿ. ಬಳಿಕ ಎರಡೂ ಮೈಗೆ ತೆಳುವಾಗಿ ಬಳಿದು, ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ಒತ್ತಿ, ಅರ್ಧ ನಿಮಿಷ ಹಿಡಿದಿರಬೇಕು. ಕೈ ಬೇಗ ಬಿಟ್ಟರೆ ಪೈಪು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಹೆಚ್ಚು ಬಳಿದರೆ ಒಳಗೆ ಮಡುಗಟ್ಟಿ ಪೈಪಿನ ಗೋಡೆಯನ್ನೇ ಮೆತ್ತಗಾಗಿಸುತ್ತದೆ. ಒಂದು ದಿನ ಒತ್ತಡ ಕೊಡದೆ ಕಾಯಬೇಕು, ಮತ್ತು ಇಲ್ಲಿಯೇ ನಾವು ಸೋಲುವುದು. ಹಟ್ಟಿಯಲ್ಲಿ ದನ ಕಾಯುತ್ತಿರುತ್ತವೆ, ಕೀಲಿಗೆ ಗಂಟೆಯ ಬಿಡುವೂ ಸಿಗದು. ತೊಟ್ಟಿಕ್ಕುತ್ತಿರುವ ಸಾಲಿನ ಒದ್ದೆ ತುದಿಗೇ ಸಲ್ಯೂಷನ್ ಬಳಿಯುವವರೂ ಇದ್ದಾರೆ. ಆ ದ್ರಾವಕದ ಆವಿ ಥಟ್ಟನೆ ಬೆಂಕಿ ಹಿಡಿಯುವಂಥದು. ಬೀಡಿ ಸೇದುತ್ತ ಡಬ್ಬಿ ತೆರೆಯುವ ಶೂರರಿಗೆ ಇದನ್ನು ಪ್ರತ್ಯೇಕವಾಗಿ ತಿಳಿಸುತ್ತೇನೆ.

ಬಿಸಿಲಿನ ಲೆಕ್ಕವೂ ಒಂದಿದೆ. ನೀರಿಲ್ಲದೆ ಬಯಲಿಗೆ ಬಿದ್ದ 6 ಮೀಟರ್ ಪೈಪು 30 ಡಿಗ್ರಿ ಶಾಖದ ಏರಿಳಿತಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಐವತ್ತು ಪೈಪುಗಳ ಸಾಲೆಂದರೆ ಅರ್ಧ ಮೀಟರಿಗೂ ಮೀರಿದ ಎಳೆದಾಟ. ಹಗ್ಗದಂತೆ ಬಿಗಿದು ಕಟ್ಟಿದ ಸಾಲು ಚಳಿಗಾಲದ ಮುಂಜಾನೆ ಕಳಚಿಕೊಂಡರೆ ಮಂಗನನ್ನು ಬೈಯಬೇಡಿ. ಸಾಧ್ಯವಿರುವಲ್ಲೆಲ್ಲ ಹೂಳಿರಿ.

"ಸೋರಿದ ನೀರು ಭೂಮಿಗೇ ಇಂಗುತ್ತದಲ್ಲ, ನಷ್ಟವೇನು?" ಎಂಬ ಮಾತನ್ನು ವಿದ್ಯಾವಂತರ ಬಾಯಲ್ಲಿಯೂ ಕೇಳಿದ್ದೇನೆ. ಐದು ನಿಮಿಷಕ್ಕೆ ಒಂದು ಲೀಟರ್ ಸೋರುವ ಒಂದೇ ಕೀಲು ದಿನಕ್ಕೆ 288 ಲೀಟರ್ ಚೆಲ್ಲುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ತಲೆಗೆ 55 ಲೀಟರ್ ಎಂದು ನಿಗದಿಪಡಿಸಿದ ಲೆಕ್ಕದಲ್ಲಿ ಐದು ಜನರ ಸಂಸಾರಕ್ಕೆ ಸಲ್ಲುವುದು 275 ಲೀಟರ್. ಒಂದು ಕೀಲು ಒಂದು ಮನೆಯನ್ನು ಕುಡಿಯುತ್ತದೆ! ನಷ್ಟ ತುಂಬಿಕೊಳ್ಳಲು ನಾವು ಮಾಡುವುದೇನು? ಇನ್ನೂ ದಪ್ಪ ಪೈಪು ಹಾಕುತ್ತೇವೆ, ಅದನ್ನು ಕಂಡ ನೆರೆಮನೆಯವರು ತಮ್ಮದೊಂದು ಸಾಲು ಎಳೆಯುತ್ತಾರೆ, ಏಪ್ರಿಲ್ ಹೊತ್ತಿಗೆ ಹಳ್ಳದ ಕಟ್ಟಿನ ಕೆಳಗೆ ಏಡಿಗೂ ನೀರಿರುವುದಿಲ್ಲ. ಸೋರಿದ್ದು ಇಂಗಿತೋ ಆರಿತೋ, ಆ ಹಳ್ಳದ ಪಾತ್ರಕ್ಕಂತೂ ಅಂದು ಮರಳಲಿಲ್ಲ. ಕಡಿದಾದ ಇಳಿಜಾರಿನಲ್ಲಿ ಇದರ ವಿರುದ್ಧವೂ ಘಟಿಸುತ್ತದೆ. ನೀರು ರಭಸದಿಂದ ಇಳಿಯುವಾಗ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಗಿಂತಲೂ ತಗ್ಗಿ, ಸಡಿಲ ಕೀಲು ಹೊರಕ್ಕೆ ಸೋರದೆ ಗಾಳಿಯನ್ನೂ ಕೆಸರನ್ನೂ ಒಳಕ್ಕೆ ಹೀರುತ್ತದೆ. 'ಪೈಪಿಗೆ ಗಾಳಿ ಹಿಡಿದಿದೆ' ಎಂದು ನಾವು ಗೊಣಗುವಾಗ ಅನೇಕ ಬಾರಿ ಹಿಡಿದದ್ದು ನಮ್ಮದೇ ಅವಸರ.

ಪ್ಲಾಸ್ಟಿಕ್ಕನ್ನೇ ಬಿಡಿರೆಂಬ ಮಿತ್ರರಿಗೂ ಒಂದು ಮಾತು. ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ನೀರು ಹರಿದು ಬರುತ್ತಿದ್ದ ಕಾಲದ ಬಗ್ಗೆ ನನಗೂ ಮೋಹವಿದೆ. ಆದರೆ ಆ ದಬ್ಬೆಗಳ ಕಸ ತೆಗೆಯಲು ಮಳೆಯಲ್ಲಿ ಗುಡ್ಡ ಹತ್ತುತ್ತಿದ್ದವರು ಯಾರು, ಅವರಿಗೆ ಕೊಡುತ್ತಿದ್ದುದೇನು ಎಂದು ಕೇಳಿಕೊಂಡ ಬಳಿಕ ಆ ಮೋಹ ಇಳಿಯಿತು. ಪೈಪು ಬಂದಾಗಿದೆ. ಕೆಟ್ಟ ಕೀಲಿನಿಂದಾಗಿ ಎರಡೇ ವರ್ಷಕ್ಕೆ ಮುರಿದು ಹಳ್ಳದಲ್ಲಿ ಬಿದ್ದಿರುವ ಪೈಪಿಗಿಂತ, ಹೂತು ದಶಕಗಳ ಕಾಲ ಬಾಳುವ ಪೈಪು ಕಡಿಮೆ ಪ್ಲಾಸ್ಟಿಕ್.

ಇದು ಮನೆಯವರ ತಪ್ಪು ಮಾತ್ರವೂ ಅಲ್ಲ. ಸರ್ಕಾರಿ ಹಣದ ಸಾಲುಗಳನ್ನೂ ಗುತ್ತಿಗೆಯವರು ಇದೇ ಅವಸರದಲ್ಲಿ ಜೋಡಿಸಿ ಮಣ್ಣೆಳೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲುವೆ ಮುಚ್ಚುವ ಮೊದಲು ನೀರು ತುಂಬಿ, ಒತ್ತಡ ಕೊಟ್ಟು, ಊರವರೆದುರು ಪ್ರತಿ ಕೀಲನ್ನೂ ತೋರಿಸಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಬರವಣಿಗೆಯಲ್ಲಿ ಕೇಳೋಣ. ಪೈಪಿನ ಮೇಲೆ ಐಎಸ್ 4985 ಎಂಬ ಗುರುತೂ ಒತ್ತಡದ ವರ್ಗವೂ ಇವೆಯೇ ಎಂದು ಓದಿ ನೋಡುವ ಕೆಲಸವನ್ನು ಹೈಸ್ಕೂಲಿನ ಮಕ್ಕಳು ಯಾವ ಇಂಜಿನಿಯರಿಗೂ ಕಡಿಮೆಯಿಲ್ಲದಂತೆ ಮಾಡಬಲ್ಲರು.

ಈ ಬಾರಿ ಸಾಲು ನೋಡಲು ಬೆಟ್ಟ ಹತ್ತುವವರು ಗರಗಸ, ಅರ, ಒಣಬಟ್ಟೆ, ನಾಲ್ಕು ಕಪ್ಲಿಂಗುಗಳನ್ನು ಚೀಲಕ್ಕೆ ಹಾಕಿಕೊಳ್ಳಿ. ಬೆಂಕಿಪೊಟ್ಟಣ ಒಲೆಯ ಬಳಿಯೇ ಇರಲಿ. ಇಳಿಯುವಾಗ ಅದೇ ಚೀಲದಲ್ಲಿ ಹಳೆಯ ಪೈಪಿನ ತುಂಡುಗಳನ್ನು ತುಂಬಿ ತನ್ನಿ.