ಎಚ್‌ಐವಿ ಪರೀಕ್ಷೆಯೊಡನೆ ಯಕೃತ್ತಿನ ಪರೀಕ್ಷೆಯೂ ನಡೆಯಲಿ

ಯಡಿಯೂರು ಎಂದೊಡನೆ ಭಕ್ತರ ಮನಸ್ಸು ಕುಣಿಗಲ್ ಸೀಮೆಯ ಸಿದ್ಧಲಿಂಗೇಶ್ವರರ ಸನ್ನಿಧಿಯತ್ತ ಹರಿಯುವುದು ಸಹಜ. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಅದೇ ಹೆಸರಿನ, ಬೆಂಗಳೂರು ದಕ್ಷಿಣದ ಯಡಿಯೂರನ್ನು ಕುರಿತು. ಜಯನಗರ ಮತ್ತು ಬನಶಂಕರಿಗಳ ನೆರೆಯ ಈ ಬಡಾವಣೆಯಲ್ಲಿ ಆಸ್ಪತ್ರೆಗಳಿಗಾಗಲಿ ರಕ್ತಪರೀಕ್ಷಾಲಯಗಳಿಗಾಗಲಿ ಕೊರತೆಯಿಲ್ಲ. ಮುಂಜಾನೆ ಯಡಿಯೂರು ಕೆರೆಯ ಸುತ್ತ ನಡೆಯುವವರು ಸಕ್ಕರೆ, ರಕ್ತದೊತ್ತಡ, ಮಂಡಿನೋವುಗಳ ವಿಚಾರವನ್ನು ಸಂಕೋಚವಿಲ್ಲದೆ ಹಂಚಿಕೊಳ್ಳುತ್ತಾರೆ. ಎಚ್‌ಐವಿ ಎಂಬ ಹೆಸರು ಮಾತ್ರ ಯಾರ ಬಾಯಲ್ಲೂ ಬಾರದು. ಈ ಮೌನಕ್ಕೆ ರೋಗಿಯ ಯಕೃತ್ತು ಬೆಲೆ ತೆರುತ್ತಿದೆ ಎಂಬುದು ನಮ್ಮ ಮಾತಿನ ಸಾರ.

ನಮ್ಮ ದೇಶದಲ್ಲಿ ಸುಮಾರು 25 ಲಕ್ಷ ಜನರು ಎಚ್‌ಐವಿ ಸೋಂಕಿನೊಡನೆ ಬಾಳುತ್ತಿದ್ದಾರೆ. ಅವರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು. 2004ರ ಏಪ್ರಿಲ್‌ನಿಂದ ಸರ್ಕಾರವು ಎ.ಆರ್.ಟಿ. ಕೇಂದ್ರಗಳ ಮೂಲಕ ಉಚಿತವಾಗಿ ಔಷಧ ಕೊಡುತ್ತಾ ಬಂದಿದೆ. ತಪ್ಪದೆ ಮಾತ್ರೆ ನುಂಗುವವರು ಇಂದು ಇತರರಂತೆಯೇ ದುಡಿದು, ಸಂಸಾರ ಮಾಡಿ, ಮೊಮ್ಮಕ್ಕಳನ್ನು ಕಾಣಬಲ್ಲರು. ಹೀಗೆ ಆಯುಷ್ಯ ಬೆಳೆದಂತೆಲ್ಲ ಮತ್ತೊಂದು ಶತ್ರು ಮುಂದೆ ಬಂದು ನಿಂತಿದೆ. ಅದು ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ವೈರಾಣು.

ಈ ಮೂರೂ ವೈರಾಣುಗಳು ದೇಹವನ್ನು ಹೊಗುವ ದಾರಿ ಬಹುಮಟ್ಟಿಗೆ ಒಂದೇ: ಸೋಂಕಿತ ರಕ್ತ, ಶುದ್ಧವಲ್ಲದ ಸೂಜಿ, ಅಸುರಕ್ಷಿತ ಲೈಂಗಿಕ ಸಂಪರ್ಕ, ತಾಯಿಯಿಂದ ಶಿಶು. ಸೂಜಿ ಚುಚ್ಚಿದ ಗಾಯದಿಂದ ಎಚ್‌ಐವಿ ಹರಡುವ ಸಂಭವ ಸಾವಿರಕ್ಕೆ ಮೂರರಷ್ಟು. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಹರಡುವ ಸಂಭವ ನೂರಕ್ಕೆ ಮೂವತ್ತರವರೆಗೂ ಇರಬಹುದು. ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಅದು ಏಳು ದಿನ ಜೀವ ಹಿಡಿದಿರಬಲ್ಲದು. ಕ್ಷೌರದ ಬ್ಲೇಡು, ಹಲ್ಲುಜ್ಜುವ ಬ್ರಷ್ಷು, ಹಚ್ಚೆಯ ಸೂಜಿಗಳನ್ನು ಒಬ್ಬರದನ್ನು ಇನ್ನೊಬ್ಬರು ಬಳಸಬಾರದೆನ್ನುವುದು ಇದಕ್ಕಾಗಿ.

ಒಂದೇ ದೇಹದಲ್ಲಿ ಎರಡು ಸೋಂಕು ಸೇರಿದಾಗ ಹಾನಿ ಬೇಗ ಬೆಳೆಯುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಹೆಪಟೈಟಿಸ್ ಬಿ ವೈರಾಣುವನ್ನು ತಾವಾಗಿಯೇ ಹೊರಹಾಕುತ್ತಾರೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅದು ನೆಲೆಯೂರುವ ಸಂಭವ ಹೆಚ್ಚು. ಅಲ್ಲಿಂದ ಯಕೃತ್ತು ನಾರುಗಟ್ಟಿ ಸಿರೋಸಿಸ್‌ಗೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವ ಕಾಲವೂ ಮೊಟಕಾಗುತ್ತದೆ. ಕ್ಷಯವೂ ಜೊತೆಗೂಡಿದರೆ ಅದರ ಔಷಧಗಳ ಭಾರವನ್ನೂ ಅದೇ ಯಕೃತ್ತು ಹೊರಬೇಕು. ಇಷ್ಟೆಲ್ಲ ನಡೆಯುವಾಗ ವರ್ಷಗಟ್ಟಲೆ ನೋವಿಲ್ಲ, ಜ್ವರವಿಲ್ಲ. ಕಣ್ಣು ಹಳದಿಯಾಗುವ ಹೊತ್ತಿಗೆ ಬಹಳ ತಡವಾಗಿರಬಹುದು.

ಕಣ್ಣು ಹಳದಿಯಾದಾಗ ನಾವು ಮಾಡುವುದೇನು? ‘ಕಾಮಾಲೆಗೆ ಇಂಗ್ಲಿಷ್ ಔಷಧವಿಲ್ಲ’ ಎಂಬ ಮಾತು ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಬೇರೂರಿದೆ. ನಾಟಿ ಔಷಧ, ಮೂಗಿಗೆ ಹನಿ, ಕೈಗೆ ಬರೆ, ಕಟ್ಟುನಿಟ್ಟಾದ ಪಥ್ಯ, ಜೊತೆಗೆ ‘ಬೇರೆ ಮಾತ್ರೆಗಳನ್ನೆಲ್ಲ ನಿಲ್ಲಿಸಿ’ ಎಂಬ ಅಪ್ಪಣೆ. ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಕೀರ್ತಿ ಔಷಧ ಕೊಟ್ಟವರಿಗೆ ಸಲ್ಲುತ್ತದೆ. ನೆಲನೆಲ್ಲಿಯ ಬಗ್ಗೆಯೂ ಭರವಸೆ ಹುಟ್ಟಿದ್ದುಂಟು. 1988ರಲ್ಲಿ ಮದರಾಸಿನ ಸಂಶೋಧಕರು ಅದರಿಂದ ಹೆಪಟೈಟಿಸ್ ಬಿ ವಾಸಿಯಾಗುವ ಸೂಚನೆಯಿದೆಯೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದಿದ್ದರು. ಮುಂದಿನ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಹಿರಿಯರ ಮೂಲಿಕಾಜ್ಞಾನದ ಬಗ್ಗೆ ನಮಗೆ ಗೌರವವಿದೆ. ಆದರೆ ಎಚ್‌ಐವಿ ಇರುವವರು ಕಾಮಾಲೆಯೆಂದು ತಮ್ಮ ಮಾತ್ರೆ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಲೇಬೇಕು.

ಕಾರಣ ಸರಳವಾಗಿದೆ. ಎ.ಆರ್.ಟಿ. ಕೇಂದ್ರಗಳಲ್ಲಿ ಇಂದು ಬಹುಮಂದಿಗೆ ಕೊಡುವ ಒಂದೇ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳಿವೆ. ಮೊದಲಿನ ಎರಡು ಎಚ್‌ಐವಿಯ ಜೊತೆಗೆ ಹೆಪಟೈಟಿಸ್ ಬಿ ವೈರಾಣುವನ್ನೂ ಅದುಮಿಡುತ್ತವೆ. ಅವನ್ನು ಹಠಾತ್ತನೆ ನಿಲ್ಲಿಸಿದರೆ ಮಲಗಿದ್ದ ಹೆಪಟೈಟಿಸ್ ಬಿ ಒಮ್ಮೆಲೇ ಕೆರಳಿ ಯಕೃತ್ತನ್ನೇ ಕೆಡಿಸಬಹುದು. ತನಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯದವನು ಯಾವ ಗಂಡಾಂತರವನ್ನು ಎದುರು ಹಾಕಿಕೊಳ್ಳುತ್ತಿದ್ದೇನೆಂದೂ ಅರಿಯಲಾರ.

ಆದ್ದರಿಂದ ನಮ್ಮ ಅಭಿಪ್ರಾಯವಿದು. ಎಚ್‌ಐವಿ ಇದೆಯೆಂದು ತಿಳಿದ ದಿನವೇ ಹೆಪಟೈಟಿಸ್ ಬಿ, ಸಿ ಎರಡರ ಪರೀಕ್ಷೆಯೂ ಆಗಬೇಕು. ರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಯಾರಾದರೂ ಹೇಳಲಿ ಎಂದು ಕಾಯದೆ ರೋಗಿಯೇ ಕೇಳಿ ಮಾಡಿಸಿಕೊಳ್ಳಬೇಕು. ಹೆಪಟೈಟಿಸ್ ಬಿ ಇಲ್ಲವೆಂದಾದರೆ ಲಸಿಕೆ ಪಡೆಯಬೇಕು. ಇದ್ದರೆ ಸಂಗಾತಿ ಮತ್ತು ಮಕ್ಕಳ ಪರೀಕ್ಷೆ ನಡೆದು, ಸೋಂಕಿಲ್ಲದವರಿಗೆ ಲಸಿಕೆ ದೊರೆಯಬೇಕು. ಮಗು ಹುಟ್ಟಿದ ಇಪ್ಪತ್ತನಾಲ್ಕು ಗಂಟೆಯೊಳಗಿನ ಮೊದಲ ಚುಚ್ಚುಮದ್ದನ್ನಂತೂ ಯಾವ ಮನೆಯೂ ತಪ್ಪಿಸಬಾರದು. ಶೈಶವದಲ್ಲಿ ತಗಲಿದ ಹೆಪಟೈಟಿಸ್ ಬಿ ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಬಾಳಿನುದ್ದಕ್ಕೂ ಉಳಿಯುತ್ತದೆ.

ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ, ಸಂಪೂರ್ಣ ಗುಣವುಂಟು. ಬಹುಪಾಲು ರೋಗಿಗಳಲ್ಲಿ ಹನ್ನೆರಡು ವಾರಗಳ ಮಾತ್ರೆಯಿಂದ ನೂರಕ್ಕೆ ತೊಂಬತ್ತೈದರಷ್ಟು ಮಂದಿ ಮುಕ್ತರಾಗುತ್ತಾರೆ. ಎಚ್‌ಐವಿ ಇದ್ದವರಿಗೂ ಫಲ ಹೆಚ್ಚು ಕಡಿಮೆ ಇಷ್ಟೇ. 2018ರ ಜುಲೈ 28ರಂದು, ವಿಶ್ವ ಹೆಪಟೈಟಿಸ್ ದಿನವೇ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಆದರೆ ಯಕೃತ್ತಿನ ವೈದ್ಯರ ಮುಂದೆ ಎಚ್‌ಐವಿಯನ್ನು ಮುಚ್ಚಿಡಬಾರದು. ಎಫಾವಿರೆಂಜ್ ಸೇವಿಸುವವರಿಗೆ ಹೆಪಟೈಟಿಸ್ ಸಿಯ ಡಕ್ಲಾಟಾಸ್ವಿರ್ ಔಷಧದ ಪ್ರಮಾಣವನ್ನೇ ಹೆಚ್ಚಿಸಬೇಕಾಗುತ್ತದೆ. ಅರ್ಧ ಸತ್ಯ ಕೇಳಿದ ವೈದ್ಯರು ಅರ್ಧ ಚಿಕಿತ್ಸೆಯನ್ನಷ್ಟೇ ಕೊಡಬಲ್ಲರು.

‘ಮಠದ ಪತ್ರಿಕೆಯಲ್ಲಿ ಇಂಥ ವಿಷಯವೇ?’ ಎಂದು ಕೆಲವರು ಹುಬ್ಬೇರಿಸಬಹುದು. ಇಲ್ಲಿಯೇ ಬರಬೇಕೆಂಬುದು ನಮ್ಮ ನಿಲುವು. ರೋಗಿಯನ್ನು ಆಸ್ಪತ್ರೆಯಿಂದ ದೂರ ನಿಲ್ಲಿಸಿರುವುದು ಹಣದ ಕೊರತೆಗಿಂತಲೂ ಹೆಚ್ಚಾಗಿ ಲಜ್ಜೆ. ಆ ಲಜ್ಜೆಯನ್ನು ಹುಟ್ಟಿಸಿದ್ದು ನಾವೇ, ನಮ್ಮ ನೋಟ, ನಮ್ಮ ಪಿಸುಮಾತು. ಮನೆಯಲ್ಲಿ ಒಬ್ಬರಿಗೆ ಸೋಂಕಿದೆಯೆಂದು ತಿಳಿದೊಡನೆ ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ವಿಜ್ಞಾನ ಇದಕ್ಕೆ ಯಾವ ಆಧಾರವನ್ನೂ ಕೊಡುವುದಿಲ್ಲ. ಎಚ್‌ಐವಿಯಾಗಲಿ ಹೆಪಟೈಟಿಸ್ ಬಿ, ಸಿಗಳಾಗಲಿ ಅನ್ನದಿಂದ, ನೀರಿನಿಂದ, ಕೈಹಿಡಿಯುವುದರಿಂದ, ಪಕ್ಕದಲ್ಲಿ ಕುಳಿತು ಉಣ್ಣುವುದರಿಂದ ಹರಡವು. ದಾಸೋಹದ ಪಂಕ್ತಿಯಲ್ಲಿ ಕುಲ ಕೇಳದವರು ರಕ್ತದ ವರದಿಯನ್ನೂ ಕೇಳಬೇಕಾಗಿಲ್ಲ. ಪ್ರಸಾದ ಬಡಿಸುವ ಕೈ ಸೋಂಕಿತರದಾದರೂ ಪ್ರಸಾದ ಪ್ರಸಾದವೇ.

ಮದುವೆಯ ಮಾತುಕತೆಯಲ್ಲಿಯೂ ಈ ವಿವೇಕ ಬೇಕು. ಮುಚ್ಚಿಟ್ಟು ಮದುವೆ ಮಾಡುವುದು ಅಧರ್ಮ. ಹಾಗೆಂದು ಹೆಪಟೈಟಿಸ್ ಬಿ ಇದ್ದ ಮಾತ್ರಕ್ಕೆ ಸಂಬಂಧ ಮುರಿಯಬೇಕಿಲ್ಲ. ಮೊದಲೇ ತಿಳಿಸಿ, ಎದುರಿನವರು ಪರೀಕ್ಷೆ ಮಾಡಿಸಿಕೊಂಡು ಲಸಿಕೆ ಪೂರೈಸಿದರೆ ಇಬ್ಬರೂ ನಿಶ್ಚಿಂತೆಯಿಂದ ಬಾಳಬಹುದು.

ಗುಟ್ಟು ಬಯಲಾದೀತೆಂಬ ಅಂಜಿಕೆಗೆ ಕಾನೂನಿನ ಅಭಯವೂ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ಅಧಿನಿಯಮವು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ವಿವರ ಬಹಿರಂಗಪಡಿಸುವಂತಿಲ್ಲ. ಉದ್ಯೋಗ, ಶಿಕ್ಷಣ, ವಸತಿ, ಚಿಕಿತ್ಸೆಗಳಲ್ಲಿ ತಾರತಮ್ಯ ತೋರುವಂತಿಲ್ಲ. ಸಂದೇಹವುಳ್ಳವರು 1097 ಎಂಬ ಉಚಿತ ದೂರವಾಣಿಗೆ ಕರೆಮಾಡಿ ಹೆಸರು ಹೇಳದೆಯೇ ಸಲಹೆ ಕೇಳಬಹುದು.

ಭಕ್ತ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ತಮ್ಮ ಮನೆಯಲ್ಲಿ, ಬೀದಿಯಲ್ಲಿ, ತಮ್ಮಲ್ಲಿ ದುಡಿಯುವವರಲ್ಲಿ ಯಾರಾದರೂ ಎಚ್‌ಐವಿಗೆ ಔಷಧ ಸೇವಿಸುತ್ತಿರುವುದು ವಿಶ್ವಾಸದಿಂದ ತಮಗೆ ತಿಳಿದುಬಂದಿದ್ದರೆ, ಆ ಗುಟ್ಟನ್ನು ಕಾಪಾಡುತ್ತಲೇ ಎರಡು ಮಾತು ಹೇಳಿರಿ: ‘ಯಕೃತ್ತಿನ ಪರೀಕ್ಷೆ ಆಯಿತೇ? ಏನೇ ಆದರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.’ ಆ ಎರಡು ಮಾತು ಒಂದು ಸಂಸಾರವನ್ನು ಉಳಿಸಬಹುದು. ಶರಣು ಶರಣಾರ್ಥಿ.