ಒಂದು ತೋಟ, ಎರಡು ಲೆಕ್ಕ

ಚನ್ನಗಿರಿ ಸೀಮೆಯ ಅಡಕೆ ತೋಟ ತಂದೆಯಿಂದ ಮಗನಿಗೆ ಬರುತ್ತದೆ. ಮಗನೋ ಅಮೆರಿಕದಲ್ಲಿ ನೆಲಸಿರುತ್ತಾನೆ. ಅಡಕೆ ಮಾರಿದ ಹಣಕ್ಕೆ ತೆರಿಗೆಯುಂಟೆ? 'ಕೃಷಿಯ ವರಮಾನ, ತೆರಿಗೆಯಿಲ್ಲ' ಎನ್ನುತ್ತಾರೆ ಊರಿನ ಲೆಕ್ಕಿಗರು. 'ಎಲ್ಲಿ ಗಳಿಸಿದರೂ ತೋರಿಸಲೇಬೇಕು' ಎನ್ನುತ್ತಾರೆ ಅಲ್ಲಿನವರು. ಮೂರನೆಯವರೊಬ್ಬರು, ಉಭಯ ದೇಶಗಳ 1989ರ ಒಪ್ಪಂದವಿದೆ, ಅಂಜಬೇಡಿ ಎಂದು ಅಭಯ ನೀಡುತ್ತಾರೆ.

ಮೊದಲಿನ ಇಬ್ಬರೂ ಸುಳ್ಳಾಡಿದವರಲ್ಲ. 1961ರ ಶಾಸನದಂತೆ 2025ರ ಹೊಸ ಶಾಸನವೂ ಕೃಷಿಯ ವರಮಾನಕ್ಕೆ ವಿನಾಯಿತಿಯಿತ್ತಿದೆ. ಆದರೆ ಆ ವಿನಾಯಿತಿ ಗಡಿ ದಾಟದು. ಅಮೆರಿಕವು ತನ್ನ ನಿವಾಸಿಯ ಸಮಸ್ತ ವರಮಾನವನ್ನೂ ಎಣಿಸುತ್ತದೆ. ಮೂರನೆಯವರ ಅಭಯವೇ ಅಪಾಯಕರವಾದದ್ದು. ಇಲ್ಲಿ ಕೊಟ್ಟ ತೆರಿಗೆಯನ್ನು ಅಲ್ಲಿ ಕಳೆಯಬಹುದು, ಸರಿ. ಕೊಡದ ತೆರಿಗೆಯನ್ನು ಕಳೆಯುವುದೆಂತು? ನಮ್ಮ ಸರ್ಕಾರ ಬೆಳೆಗಾರನಿಗೆಂದು ಬಿಟ್ಟದ್ದು ಹೀಗೆ ವಾಷಿಂಗ್ಟನ್ನಿನ ಬೊಕ್ಕಸವನ್ನು ಸೇರಬಹುದು. ವರ್ಷದ ತೊಡಕು ಬೇರೆ: ನಮ್ಮದು ಏಪ್ರಿಲಿನಿಂದ, ಅವರದು ಜನವರಿಯಿಂದ. ರಾಶಿ ಇಡಿಯನ್ನು ಡಿಸೆಂಬರಿನಲ್ಲಿ ಮಾರಿದರೂ ಜನವರಿಯಲ್ಲಿ ಮಾರಿದರೂ ನಮಗೆ ಒಂದೇ ವರ್ಷ, ಅವರಿಗೆ ಎರಡು.

'ತೆರಿಗೆಯಿಲ್ಲ' ಎನ್ನುವ ಸಲಹೆಗಾರರು ಯಾವ ದೇಶದಲ್ಲಿ, ಯಾವ ವರ್ಷಕ್ಕೆ ಎಂಬುದನ್ನೂ ಸೇರಿಸಿ ಬರೆದುಕೊಡಬೇಕೆಂಬುದು ನನ್ನ ಅಭಿಪ್ರಾಯ. ಶುಲ್ಕ ಪಡೆಯುವವರಿಗೆ ಇದೇನೂ ಹೊರೆಯಲ್ಲ. ದಂಡದ ನೋಟೀಸು ಅವರ ಹೆಸರಿಗೆ ಬರುವುದಿಲ್ಲವಷ್ಟೆ.