ಬಾಗಿಲ ಮೇಲೆ ಕಅಬಾ, ಗೋಡೆಯ ಬುಡದಲ್ಲಿ ಯಾರ ದೇವರು?

ಗುಡಲೂರು, ಊಟಿ ಕಡೆ ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮವರು ಮನೆ ಕಟ್ಟಿಸಿದರೆ ಬಾಗಿಲ ಮೇಲೆ ಕಅಬಾದ್ದೋ ಆಯತುಲ್ ಕುರ್ಸಿಯದ್ದೋ ಟೈಲ್ಸ್ ಕೂರಿಸುತ್ತಾರೆ. ಅಕ್ಷರ ಉಬ್ಬಿ ನಿಂತಿದ್ದರೆ ಉಮ್ಮಂದಿರಿಗೆ ಇನ್ನೂ ಇಷ್ಟ. ಪಕ್ಕದ ಮನೆಯಲ್ಲಿ ಮುರುಗನ್, ಆಚೆ ಮನೆಯಲ್ಲಿ ವೇಲಾಂಕಣಿ ಮಾತೆ. ಅವರವರ ಗೌರವ ಅವರವರ ಬಾಗಿಲಲ್ಲಿ.

ಅದೇ ಟೈಲ್ಸ್ ಗೋಡೆಯ ಬುಡಕ್ಕೆ ಇಳಿದಾಗ ನನ್ನ ತಕರಾರು. 'ಇಲ್ಲಿ ಮೂತ್ರ ಮಾಡಬೇಡಿ' ಎಂದು ಬರೆದರೆ ಯಾರೂ ಕೇಳುವುದಿಲ್ಲವೆಂದು ಗಣಪತಿ, ಶಿಲುಬೆ, ಕಅಬಾ ಮೂರನ್ನೂ ಸಾಲಾಗಿ ಅಂಟಿಸುತ್ತಾರೆ. ಕೆಲವರು ಇದನ್ನು ಸೌಹಾರ್ದ ಅನ್ನುತ್ತಾರೆ. ಮೂರು ಧರ್ಮಗಳನ್ನೂ ಒಟ್ಟಿಗೆ ಕಾವಲಿಗೆ ನಿಲ್ಲಿಸುವುದು ಎಂಥ ಸೌಹಾರ್ದ?

ನಮ್ಮ ಅಂಗಡಿ ಸಾಲಿನ ಹಿಂದಿನ ಓಣಿಗೂ ಈಗ ಇದೇ ಸಲಹೆ ಬಂದಿದೆ. ನಾನು ಬೇಡವೆಂದೆ. ಆಗ ಒಬ್ಬರು, "ಕಅಬಾ ಬಿಡೋಣ, ಉಳಿದ ಎರಡು ಹಾಕೋಣ" ಅಂದರು. ಅದು ಇನ್ನೂ ಕೆಟ್ಟದ್ದು. ನಮ್ಮದು ನಜೀಸಿನಿಂದ ದೂರ ಇರಬೇಕು, ಇನ್ನೊಬ್ಬರದ್ದು ಅದರ ಪಕ್ಕದಲ್ಲೇ ಇರಬಹುದೇ? ಇತರರು ಆರಾಧಿಸುವುದನ್ನು ನಿಂದಿಸಬೇಡಿ ಎಂಬ ತಾಕೀತು ಸೂರಃ ಅನ್‌ಆಮ್‌ನ 108ನೇ ಆಯತ್ತಿನಲ್ಲಿದೆ. ಬಾಯಿಂದ ಬೈದರೆ ಮಾತ್ರ ನಿಂದನೆಯಲ್ಲ.

1920-30ರ ದಶಕಗಳಲ್ಲಿ ಜಪಾನಿನ ಡಾಂಟೊ ಕಂಪನಿ ನಮ್ಮ ದೇಶಕ್ಕೆಂದೇ ಲಕ್ಷ್ಮಿ, ಕೃಷ್ಣರ ಉಬ್ಬುಚಿತ್ರದ ಟೈಲ್ಸ್ ಮಾಡಿ ಕಳಿಸುತ್ತಿತ್ತು. ಕೊಂಡವರು ಅದನ್ನು ಮನೆಯ ಶೋಭೆಗೆ ಹಾಕಿದರು, ಚರಂಡಿಯ ಪಕ್ಕಕ್ಕಲ್ಲ.

ಗೋಡೆಗೆ ದೇವರ ಚಿತ್ರ ಅಂಟಿಸುವುದನ್ನು ನಿಷೇಧಿಸಿ ಎಂಬ ಅರ್ಜಿಯನ್ನು ದೆಹಲಿ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ವಜಾ ಮಾಡಿತು. ಇರಲಿ, ನಮ್ಮ ಓಣಿಯ ಗೋಡೆಗೆ ಕೋರ್ಟು ಯಾಕೆ ಬೇಕು?

ಗುಡಲೂರಿನಲ್ಲಿ ಮೈಸೂರು, ಊಟಿ, ಕೇರಳದ ರಸ್ತೆಗಳು ಸೇರುತ್ತವೆ. ಲಾರಿ ಚಾಲಕ, ಹಮಾಲಿ, ಬಸ್ಸಿಳಿದ ಮುದುಕ ಎಲ್ಲಿಗೆ ಹೋಗಬೇಕು? ಹೆಂಗಸರಿಗಂತೂ ಆ ಗೋಡೆಯೂ ಇಲ್ಲ. ಟೈಲ್ಸ್ ಅವರನ್ನು ಮುಂದಿನ ಗೋಡೆಗೆ ಅಟ್ಟುತ್ತದೆ, ಅಷ್ಟೇ. ಇಲ್ಲಿನ ಮಳೆಗೆ ಎರಡೇ ವರ್ಷದಲ್ಲಿ ಪಾಚಿ ಹಿಡಿದು, ಮೂಲೆ ಒಡೆದು, ಅದು ಮಣ್ಣಿಗೆ ಬೀಳುವುದನ್ನೂ ಕಂಡಿದ್ದೇನೆ.

ಅಂಗಡಿಯವರೆಲ್ಲ ದುಡ್ಡು ಸೇರಿಸುವುದಾದರೆ ಒಂದು ಶೌಚಾಲಯಕ್ಕೆ ಸೇರಿಸೋಣ, ನೀರಿನ ನಳ್ಳಿ ಸಮೇತ. ಅದು ಆಗುವವರೆಗೆ ಓಣಿಗೆ ದೀಪವಾದರೂ ಬೇಕು. ಬರುವ ಶುಕ್ರವಾರ ಜುಮಾ ಮುಗಿದ ಮೇಲೆ ಎಲ್ಲರೂ ಕೂರುವವರಿದ್ದೇವೆ, ಮೇಸ್ತ್ರಿಯನ್ನೂ ಕರೆದಿದ್ದೇನೆ.